ಅಪ್ಪನ ಒಂದು ಪ್ರಶ್ನೆಗೆ ಉತ್ತರವಿಲ್ಲದ 41 ಪುಸ್ತಕಗಳು

ಡಿಸೆಂಬರ್ ಮೂರನೇ ವಾರ ಬಂತು ಅಂದ್ರೆ ನಮ್ಮ ಆಫೀಸಿನಲ್ಲಿ ಎರಡು ಕೆಲಸ ನಿಂತುಹೋಗುತ್ತವೆ. ಒಂದು, ಪ್ರೊಡಕ್ಷನ್‌ಗೆ ಕೋಡ್ ಬಿಡೋದು. ಇನ್ನೊಂದು, ಕೋಡ್ ಬರೆಯೋದು. ಆಗ ಶುರುವಾಗುತ್ತೆ ನೋಡಿ ಪಟ್ಟಿಗಳ ಸುಗ್ಗಿ. 'ಈ ವರ್ಷ ನಾನು ಓದಿ ಮೆಚ್ಚಿದ ನಾನ್‌ಫಿಕ್ಷನ್ ಪುಸ್ತಕಗಳು.' ಒಬ್ಬ 24 ಅಂತಾನೆ, ಇನ್ನೊಬ್ಬಳು 36 ಅಂತಾಳೆ, ಮ್ಯಾನೇಜರ್ ಸಾಹೇಬರು ವಾರಕ್ಕೊಂದರ ಲೆಕ್ಕದಲ್ಲಿ 52. ಫೋಟೋದಲ್ಲಿ ಒಂದು ಕಾಫಿ ಮಗ್ಗು, ಪಕ್ಕದಲ್ಲಿ ಪುಸ್ತಕದ ರಾಶಿ, ಕೆಳಗೆ ಚಪ್ಪಾಳೆಯ ಸಾಲು.

2024ರ ಕೊನೆಗೆ ನಾನೂ ಒಂದು ಪಟ್ಟಿ ಹಾಕಿದ್ದೆ. ಬರೋಬ್ಬರಿ 41 ಪುಸ್ತಕ. 'ಅಟಾಮಿಕ್ ಹ್ಯಾಬಿಟ್ಸ್' ಎರಡನೇ ಸಲ, 'ದಿ ಸೈಕಾಲಜಿ ಆಫ್ ಮನಿ', 'ಡೀಪ್ ವರ್ಕ್', 'ಇಕಿಗಾಯ್', 'ಶೂ ಡಾಗ್', ಹೀಗೆ ಸಾಗಿತ್ತು. ನಿಜ ಹೇಳಬೇಕಂದ್ರೆ ಅದರಲ್ಲಿ ಅರ್ಧ ಕ್ಯಾಬ್‌ನಲ್ಲಿ ಕೂತು ಎರಡು ಪಟ್ಟು ವೇಗದಲ್ಲಿ ಕೇಳಿದ್ದು. ಹತ್ತನ್ನು ಹದಿನೈದು ನಿಮಿಷದ ಸಾರಾಂಶ ಕೊಡೋ ಆ್ಯಪ್‌ನಲ್ಲಿ ಮುಗಿಸಿದ್ದೆ. ಆದ್ರೂ 41 ಅಂದ್ರೆ 41. ಇನ್‌ಕ್ರಿಮೆಂಟ್ ಬಂದಷ್ಟೇ ಖುಷಿಯಾಗಿತ್ತು.

ಅದಾಗಿ ಮೂರು ವಾರಕ್ಕೆ ಸಂಕ್ರಾಂತಿ. ಊರಿಗೆ ಹೋದೆ. ನಮ್ಮೂರು ಕೋಲಾರ ಜಿಲ್ಲೆಯಲ್ಲಿ, ನರಸಾಪುರದ ಆಚೆ. ದನಗಳಿಗೆ ಕಿಚ್ಚು ಹಾಯಿಸೋ ಹೊತ್ತಿಗೆ ಮುಂಚೆ ಅಪ್ಪ, ನಾನು ಕೆರೆ ಏರಿ ಮೇಲೆ ನಡೀತಾ ಇದ್ವಿ. ನಾನು ಹೈಸ್ಕೂಲಿನಲ್ಲಿದ್ದಾಗ ಆ ಕೆರೆಯೊಳಗೆ ಕ್ರಿಕೆಟ್ ಆಡ್ತಿದ್ವಿ, ಜಾಲಿ ಮರದ ನೆರಳಲ್ಲಿ ಕೂತು ಸ್ಕೋರ್ ಬರೀತಿದ್ವಿ. ಈಗ ಅದೇ ಜಾಗದಲ್ಲಿ ನೀರು, ಕೊಕ್ಕರೆ, ಏರಿಗೆ ಬಡಿಯೋ ಸಣ್ಣ ಅಲೆ. ಅಪ್ಪ ನಿಂತು ನೀರನ್ನೇ ನೋಡಿ ಕೇಳಿದ್ರು:

"ಏನಪ್ಪಾ, ಈ ನೀರು ನಿಮ್ ಬೆಂಗಳೂರಿಂದ್ಲೇ ಬರೋದಲ್ವಾ? ಇದ್ರಲ್ಲಿ ಏನೇನು ಐತೆ? ಬೋರಲ್ಲಿ ಬರೋ ನೀರು ಹಿಪ್ಪುನೇರಳೆಗೆ ಬಿಡ್ತಾ ಇದೀನಿ, ಹುಳಕ್ಕೇನೂ ಆಗಲ್ವಾ? ನೀನು ಇಂಜಿನಿಯರು, ಅಷ್ಟೊಂದು ಪುಸ್ತಕ ಓದ್ತೀಯ. ಹೇಳು ನೋಡಾನ."

ನನಗೆ ಗೊತ್ತಿರಲಿಲ್ಲ. 41 ಪುಸ್ತಕ ಓದಿದವನು, ಹದಿಮೂರು ವರ್ಷದಿಂದ ಬೆಂಗಳೂರಿನಲ್ಲಿರೋನು, "ನೋಡಿ ಹೇಳ್ತೀನಪ್ಪಾ" ಅಂದೆ. ಅಪ್ಪ ಇನ್ನೇನೂ ಕೇಳಲಿಲ್ಲ. ಅವರು ಬೇಜಾರು ಮಾಡಿಕೊಂಡಿದ್ರೂ ಪರವಾಗಿರಲಿಲ್ಲ. "ಹೋಗ್ಲಿ ಬಿಡು, ನಿಂಗೆಲ್ಲಿ ಪುರುಸೊತ್ತು" ಅಂದ್ರು ನೋಡಿ, ಅದು ಚುಚ್ಚಿತು.

ಈ ಬರಹ ಹುಟ್ಟಿದ್ದು ಆ ಮಾತಿನಿಂದ. ನನ್ನ ವಾದ ಇಷ್ಟೇ: ನಾವು ವರ್ಷಕ್ಕೆ ಇಪ್ಪತ್ತು ಮೂವತ್ತು ನಲವತ್ತು ಅಂತ ಎಣಿಸಿ ಓದ್ತಾ ಇರೋದು ನಾನ್‌ಫಿಕ್ಷನ್ ಅಲ್ಲ. ಅದು ನಮ್ಮದೇ ಸರ್ವೀಸ್ ಮ್ಯಾನ್ಯುಯೆಲ್. ಗಾಡಿಗೆ ಆಯಿಲ್ ಯಾವಾಗ ಹಾಕಬೇಕು, ಯಾವ ಗೇರಿನಲ್ಲಿ ಎಷ್ಟು ಸ್ಪೀಡು ಹೋಗಬೇಕು ಅಂತ ಹೇಳುತ್ತೆ. ಗಾಡಿ ಯಾವ ರಸ್ತೆ ಮೇಲಿದೆ, ಆ ರಸ್ತೆ ಯಾರ ಹೊಲದ ಮೇಲೆ ಹಾದು ಹೋಗಿದೆ, ಡಿಕ್ಕಿಯಲ್ಲಿ ಏನು ತುಂಬಿದೆ ಅಂತ ಹೇಳಲ್ಲ. ಬೆಳಿಗ್ಗೆ ಐದಕ್ಕೆ ಏಳು, ಗಮನ ಕೆಡಿಸ್ಕೋಬೇಡ, ಇಲ್ಲ ಅನ್ನೋದನ್ನ ಕಲಿ, ದುಡ್ಡು ಹೀಗೆ ಬೆಳೆಸು. ಎಲ್ಲ ಪುಸ್ತಕದ ನಾಯಕನೂ ಒಬ್ಬನೇ, ಓದುಗ. ಅವನಿಗೆ ಊರಿಲ್ಲ, ಜಾತಿಯಿಲ್ಲ, ಅಪ್ಪ ಅಮ್ಮ ಇಲ್ಲ, ನಲ್ಲಿಯಲ್ಲಿ ಬರೋ ನೀರಿಗೆ ಮೂಲವೂ ಇಲ್ಲ. ಇಂಥ ಮನುಷ್ಯ ಭೂಮಿ ಮೇಲೆ ಎಲ್ಲಿದ್ದಾನೆ ಹೇಳಿ? ಇದಕ್ಕಿಂತ ದೊಡ್ಡ ಫಿಕ್ಷನ್ ಇದೆಯಾ?

ನನಗೂ ಉಪಕಾರ ಆಗಿದೆ, ಇಲ್ಲ ಅನ್ನಲ್ಲ. ಕ್ರೆಡಿಟ್ ಕಾರ್ಡಿನ ಸಾಲ ತೀರಿಸೋಕೆ ಮನಸ್ಸು ಮಾಡಿದ್ದು ಅಂಥ ಒಂದು ಪುಸ್ತಕ ಓದಿಯೇ. ಒಂದು ಓದಿ, ಎರಡು ಓದಿ. ಆದರೆ ಮೂರನೆಯದರಿಂದ ಆಚೆಗೆ ಅದೇ ಮಾತು ಬೇರೆ ಹೊದಿಕೆಯಲ್ಲಿ ಬರುತ್ತೆ ಅಂತ ನಿಮಗೂ ಗೊತ್ತು. ಗೊತ್ತಿದ್ದೂ ಯಾಕೆ ಓದ್ತೀವಿ? ಯಾಕಂದ್ರೆ ಭಯ. ಅಪ್ರೈಸಲ್ ಭಯ, ಲೇಆಫ್ ಭಯ, ಪಕ್ಕದ ಕ್ಯುಬಿಕಲ್‌ನವನು ಮುಂದೆ ಹೋಗಿಬಿಟ್ಟಾನು ಅನ್ನೋ ಭಯ. ಅದರಲ್ಲೂ ನಮ್ಮ ಥರ ಹಳ್ಳಿಯ ಸರ್ಕಾರಿ ಶಾಲೆಯಿಂದ ಬಂದು, ಮೊದಲ ವರ್ಷ ಮೀಟಿಂಗ್‌ನಲ್ಲಿ ಬಾಯಿ ಬಿಡೋಕೆ ಹೆದರಿ ಕೂತವರಿಗೆ ಈ ಭಯ ಒಂದು ಕೈ ಜಾಸ್ತಿ. ನಮ್ಮಲ್ಲೇ ಏನೋ ಕೆಟ್ಟಿದೆ, ರಿಪೇರಿ ಮಾಡ್ಕೋಬೇಕು ಅಂತ ನಂಬಿಬಿಟ್ಟಿದ್ದೀವಿ.

ಇದು ನನ್ನೊಬ್ಬನ ತಲೆಯಿಂದ ಬಂದ ಮಾತಲ್ಲ. ಕರೋಲ್ ಉಪಾಧ್ಯ ಅನ್ನೋ ಮಾನವಶಾಸ್ತ್ರಜ್ಞೆ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಗಾರರ ಮೇಲೆ ವರ್ಷಾನುಗಟ್ಟಲೆ ಅಧ್ಯಯನ ಮಾಡಿ 2016ರಲ್ಲಿ 'ರೀಎಂಜಿನಿಯರಿಂಗ್ ಇಂಡಿಯಾ' ಅನ್ನೋ ಪುಸ್ತಕ ತಂದಿದ್ದಾರೆ. ನಮ್ಮ ಸಾಫ್ಟ್ ಸ್ಕಿಲ್ಸ್ ತರಬೇತಿ, ನಮ್ಮನ್ನು ನಾವೇ ಮೇಲ್ವಿಚಾರಣೆ ಮಾಡಿಕೊಳ್ಳೋ ಹಾಗೆ ತಯಾರು ಮಾಡೋ ಪರಿ, ಅದರಿಂದ ಹುಟ್ಟಿದ ಹೊಸ ಮಧ್ಯಮ ವರ್ಗ, ಎಲ್ಲ ಅದರಲ್ಲಿದೆ. ಓದ್ತಾ ಓದ್ತಾ ನನಗೆ ನಾಚಿಕೆಯೂ ಆಯ್ತು, ನಗುವೂ ಬಂತು. ಇಂಡಕ್ಷನ್‌ನಲ್ಲಿ ಕಂಪನಿ ಖರ್ಚಿನಲ್ಲಿ ಕೊಡಿಸಿದ ತರಬೇತಿಯನ್ನ ನಾನು ಆಮೇಲೆ ಹನ್ನೆರಡು ವರ್ಷ ನನ್ನ ಖರ್ಚಿನಲ್ಲಿ ಪುಸ್ತಕ ಕೊಂಡು ಮುಂದುವರಿಸಿದ್ದೆ! ನಮ್ಮ ಬಗ್ಗೆಯೇ ಬಂದಿರೋ ಪುಸ್ತಕ ಕಣ್ರೀ ಇದು. ನಮ್ಮ ಫ್ಲೋರಿನಲ್ಲಿ ಒಬ್ಬರ ಪಟ್ಟಿಯಲ್ಲೂ ನಾನಿದನ್ನು ಕಂಡಿಲ್ಲ.

ಹೋದ ವರ್ಷ, ಅಂದ್ರೆ 2025ರಲ್ಲಿ, ನಾನು ಓದಿದ್ದು 9 ಪುಸ್ತಕ. ಅದರಲ್ಲೂ ಎರಡನ್ನ ಪೂರ್ತಿ ಓದಿಲ್ಲ. ಮನೆ ಕಾಡುಗೋಡಿಯಲ್ಲಿ, ಊರಿನ ಕಡೆ ರೈಲು ಹತ್ತೋಕೆ ಸುಲಭ ಅಂತ. ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ವಾರಕ್ಕೆರಡು ದಿನ ಹೋಗಬೇಕು. ಆಗಸ್ಟ್ 10ಕ್ಕೆ ಹಳದಿ ಮಾರ್ಗ ಶುರುವಾದ ಮೇಲೆ ನೇರಳೆ, ಹಸಿರು, ಹಳದಿ ಅಂತ ಮೂರು ಬಣ್ಣ ದಾಟಿ ಹೋಗ್ತೀನಿ. ಸುತ್ತು ಹೌದು, ಆದರೆ ಸಿಲ್ಕ್ ಬೋರ್ಡಿನ ಕೆಳಗೆ ಸ್ಟೀರಿಂಗ್ ಹಿಡ್ಕೊಂಡು ಕೂರೋ ಬದಲು ಕೈಯಲ್ಲಿ ಪುಸ್ತಕ ಹಿಡ್ಕೋಬಹುದು. ಆ ಒಂಬತ್ತು ಯಾವುವು, ಯಾಕೆ ಅಂತ ಹೇಳ್ತೀನಿ. ಒಂದನ್ನು ಮೇಲೆ ಹೇಳಿಯಾಯ್ತು.

ಮೊದಲು ಅಪ್ಪನ ಪ್ರಶ್ನೆ. ಉತ್ತರ ಸಿಕ್ಕಿದ್ದು ಬಿಇ ಪಠ್ಯಪುಸ್ತಕದಲ್ಲಿ. ಸಿವಿಲ್ ಓದಿದ ಗೆಳೆಯನೊಬ್ಬನ ಹತ್ತಿರ 'ಮೆಟ್‌ಕಾಫ್ ಅಂಡ್ ಎಡ್ಡಿ' ಅಂತಲೇ ಎಲ್ಲರೂ ಕರೆಯೋ 'ವೇಸ್ಟ್‌ವಾಟರ್ ಎಂಜಿನಿಯರಿಂಗ್' ಇತ್ತು, ತಲೆದಿಂಬಿನಷ್ಟು ದಪ್ಪ. ಬೇಕಾದ ಅಧ್ಯಾಯಗಳನ್ನಷ್ಟೇ ಓದಿದೆ. ಕೊಳಚೆ ನೀರು ಮೊದಲು ಜಾಲರಿ ದಾಟಿ ಬರುತ್ತೆ, ಮರಳು ಕಲ್ಲು ತಳಕ್ಕೆ ಕೂರುತ್ತೆ. ಆಮೇಲೆ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸ್ತಾರೆ. ಅವು ನೀರಿನಲ್ಲಿರೋ ಕೊಳೆಯೋ ವಸ್ತುವನ್ನು ತಿಂದು ಕೆಸರಾಗಿ ಕೆಳಗೆ ಕೂರುತ್ತವೆ. ಮೇಲಿನ ತಿಳಿ ಮುಂದೆ ಹೋಗುತ್ತೆ. ಇದು ಎರಡನೇ ಹಂತದ ಸಂಸ್ಕರಣೆ. ಉಳಿದ ಸಾರಜನಕ, ರಂಜಕ, ರೋಗಾಣು ತೆಗೆಯೋಕೆ ಇರೋದು ಮೂರನೇ ಹಂತ. ಕಾರ್ಖಾನೆಯಿಂದ ಬರೋ ಭಾರಲೋಹ ಎರಡನೇ ಹಂತದಲ್ಲಿ ಪೂರ್ತಿ ಹೋಗುತ್ತೆ ಅನ್ನೋ ಭರವಸೆ ಇಲ್ಲ, ಯಾಕಂದ್ರೆ ಆ ಹಂತವನ್ನು ಮಾಡಿರೋದೇ ಬೇರೆ ಕೆಲಸಕ್ಕೆ.

ನಮ್ಮ ಕೆರೆಗೆ ಬರೋದು ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು. ಕೆ.ಸಿ. ವ್ಯಾಲಿ ಅಂತ ಊರಲ್ಲೆಲ್ಲ ಹೆಸರು. 2018ರಿಂದ ಕೋಲಾರದ ಕಡೆ ಹರೀತಾ ಇದೆ. ಯೋಜನೆಯ ಲೆಕ್ಕ ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರು ಅದು. ಮೂರನೇ ಹಂತವೂ ಬೇಕು ಅಂತ ರೈತ ಸಂಘಟನೆಗಳು ಬೀದಿಗಿಳಿದವು, ವಿಷಯ ಕೋರ್ಟಿಗೂ ಹೋಯ್ತು. ಕೆರೆಯಿಂದ ನೇರ ಪಂಪ್ ಹಾಕಿ ಹೊಲಕ್ಕೆ ಬಿಡಬಾರದು, ಅಂತರ್ಜಲಕ್ಕೆ ಇಂಗಬೇಕು ಅನ್ನೋದು ನಿಯಮ. ಇಂಗಿದ್ದೂ ಹೌದು. ತಿರುಚೆಂಗೋಡಿನಿಂದ ರಿಗ್ ಲಾರಿ ಕರೆಸಿ ಸಾವಿರದ ಇನ್ನೂರು ಅಡಿ ಕೊರೆಸಿದ್ರೂ ಧೂಳು ಉಗುಳಿದ್ದ ನಮ್ಮ ಹೊಲದಲ್ಲಿ ಈಗ ಹಳೇ ಬೋರಲ್ಲೂ ನೀರಿದೆ. ಹಾಗಾಗಿ ಈ ನೀರು ಬೇಡ ಅನ್ನೋ ಧೈರ್ಯ ಅಪ್ಪನಿಗಿಲ್ಲ, ನನಗೂ ಇಲ್ಲ. ಅದರಲ್ಲಿ ಏನಿದೆ ಅಂತ ಗೊತ್ತಿರಬೇಕು, ಅಷ್ಟೇ.

ಇನ್ನೊಂದು ಮಾತು. 2014ರಿಂದ ಆರು ವರ್ಷ ನಾನು ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದೆ. ಅಲ್ಲಿಯ ಕೊಳಚೆ ಹೋಗೋದು ಇದೇ ಕಣಿವೆಗೆ. ಅಂದ್ರೆ ಸುಮಾರು 100 ಕಿಲೋಮೀಟರ್ ಆಚೆಯಿಂದ ಪಂಪ್ ಮಾಡಿ ತಂದ ಕಾವೇರಿಯಲ್ಲಿ ನಾನು ಸ್ನಾನ ಮಾಡಿ, ಫ್ಲಶ್ ಮಾಡಿ ಬಿಟ್ಟಿದ್ದು ಕೊನೆಗೆ ನಮ್ಮಪ್ಪನ ಕೆರೆಗೆ ಬಂದು ಸೇರ್ತಾ ಇತ್ತು. ಎರಡು ವರ್ಷ ಹೀಗೇ ನಡೆದಿದೆ. ಆ ಎರಡು ವರ್ಷ ನಾನು ಓದಿದ್ದು? ಬೆಳಗಿನ ದಿನಚರಿ ಹೇಗಿರಬೇಕು ಅನ್ನೋ ಪುಸ್ತಕಗಳು.

ಮೂರನೆಯದು, ಪಿ. ಸಾಯಿನಾಥ್ ಅವರ 1996ರ 'ಎವರಿಬಡಿ ಲವ್ಸ್ ಎ ಗುಡ್ ಡ್ರಾಟ್'. ಜಿ.ಎನ್. ಮೋಹನ್ ಕನ್ನಡಕ್ಕೆ ತಂದಿದ್ದಾರೆ, 'ಬರ ಅಂದ್ರೆ ಎಲ್ಲರಿಗೂ ಇಷ್ಟ'. ದೇಶದ ತೀರಾ ಬಡ ಜಿಲ್ಲೆಗಳಲ್ಲಿ ತಿರುಗಿ ಬರೆದ ವರದಿಗಳು. ಬರ ಅನ್ನೋದು ಮಳೆ ಬಾರದ್ದು ಮಾತ್ರ ಅಲ್ಲ, ಅದರ ಹೆಸರಲ್ಲಿ ಹರಿಯೋ ದುಡ್ಡಿಗೂ ಒಂದು ಜಲಾನಯನ ಪ್ರದೇಶ ಇದೆ ಅಂತ ತಿಳಿದಿದ್ದು ಇಲ್ಲಿ. ಪೂರ್ತಿ ಬರಪೀಡಿತ ಅಂತ ಕರೆಸಿಕೊಂಡ ಜಿಲ್ಲೆಯಲ್ಲಿ ಹುಟ್ಟಿ ಬೆಳೆದು, ಬರದ ಬಗ್ಗೆ ಒಂದು ಪುಸ್ತಕ ಓದೋಕೆ ನನಗೆ ಮೂವತ್ತೈದು ವರ್ಷ ಬೇಕಾಯ್ತು. ಅಪ್ಪನಿಗೆ ಇದನ್ನ ಕೊಟ್ಟು ಬಂದೆ. ಕನ್ನಡಕ ಹಾಕ್ಕೊಂಡು ಮಧ್ಯಾಹ್ನ ಮಧ್ಯಾಹ್ನ ಓದಿ ಮುಗಿಸಿದ್ರು. "ಇದು ನಮ್ ತಾಲೂಕಾಫೀಸಲ್ಲಿ ಕೂತ್ಕೊಂಡೇ ಬರ್ದಂಗೈತೆ" ಅಂದ್ರು. ನನ್ನ ಹಳೇ ಪಟ್ಟಿಯ 41ರಲ್ಲಿ ಅಪ್ಪನಿಗೆ ಕೊಡಬಹುದಾದ್ದು ಒಂದೂ ಇರಲಿಲ್ಲ ಅನ್ನೋದು ಆಗ ಹೊಳೀತು.

ನಾಲ್ಕು ಮತ್ತು ಐದು ನಾವಿರೋ ಊರಿನ ಬಗ್ಗೆ. ಹರಿಣಿ ನಾಗೇಂದ್ರ ಅವರ 'ನೇಚರ್ ಇನ್ ದ ಸಿಟಿ' 2016ರದ್ದು. ಜಾನಕಿ ನಾಯರ್ ಅವರ 'ದ ಪ್ರಾಮಿಸ್ ಆಫ್ ದ ಮೆಟ್ರೊಪೊಲಿಸ್' 2005ರದ್ದು. ಒಂದು ಈ ಊರಿನ ಮರ, ಕೆರೆ, ತೋಟಗಳ ಕತೆ. ಇನ್ನೊಂದು ಪೇಟೆ ಮತ್ತು ದಂಡು ಅಂತ ಎರಡಾಗಿದ್ದ ಊರು ಸಾರ್ವಜನಿಕ ಕಾರ್ಖಾನೆಗಳ ಊರಾಗಿ, ಆಮೇಲೆ ನಮ್ಮ ಊರಾದ ಕತೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯ್ತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯ್ತು ಅಂತ ವಾಟ್ಸಾಪ್‌ನಲ್ಲಿ ಎಲ್ಲರೂ ಓದಿರ್ತೀವಿ. ಯಾಕಾಯ್ತು, ಯಾರಿಗೆ ಬೇಕಿತ್ತು, ಯಾರು ಬೇಡ ಅಂದ್ರು ಅಂತ ತಿಳೀಬೇಕಾದ್ರೆ ಇಂಥ ಪುಸ್ತಕ ಹಿಡಿದು ಕೂರಬೇಕು. ಬೇಗ ಮುಗಿಯಲ್ಲ. ಮುಗಿಸೋ ಅವಸರ ಯಾಕೆ?

ಒಂದು ದಿನ ಊಟದ ಟೇಬಲ್ಲಿನಲ್ಲಿ ಟೀಮಿನವರಿಗೆ ಎರಡು ಪ್ರಶ್ನೆ ಕೇಳಿದೆ. ನಾವೀಗ ಕೂತಿರೋ ಜಾಗ ಮೊದಲು ಯಾವ ಊರಿಗೆ ಸೇರಿತ್ತು? ವೈಟ್‌ಫೀಲ್ಡ್‌ಗೆ ಆ ಹೆಸರು ಯಾಕೆ ಬಂತು? ಮೊದಲನೆಯದಕ್ಕೆ ಮೌನ. ಎರಡನೆಯದಕ್ಕೆ ಒಬ್ಬ "ಬಿಳೀ ಮೈದಾನ ಇತ್ತೇನೋ" ಅಂದ. 1970ರ ದಶಕದ ಕೊನೆಗೆ ಕೊನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಶುರು ಮಾಡಿದ್ದು ಎಲೆಕ್ಟ್ರಾನಿಕ್ ಸಿಟಿ, ಅದರ ಕನಸು ಕಂಡವರು ಆರ್.ಕೆ. ಬಾಳಿಗ. 1882ರಲ್ಲಿ ಹತ್ತನೇ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟ 3,900 ಎಕರೆಯಲ್ಲಿ ಹುಟ್ಟಿದ ಕೃಷಿ ಕಾಲೊನಿ ವೈಟ್‌ಫೀಲ್ಡ್, ಹೆಸರು ಡಿ.ಎಸ್. ವೈಟ್ ಅನ್ನೋರಿಂದ ಬಂದಿದ್ದು. ಇದರಲ್ಲಿ ಗುಟ್ಟು ಏನೂ ಇಲ್ಲ. ನಮ್ಮ ಟೇಬಲ್ಲಿನಲ್ಲಿ ಕೂತಿದ್ದ ಏಳೂ ಜನ ನೈಕಿ ಕಂಪನಿ ಯಾವ ಊರಲ್ಲಿ ಹುಟ್ಟಿತು ಅಂತ ಹೇಳಬಲ್ಲವರು.

ಇಲ್ಲಿ ಒಬ್ಬ ಗೆಳೆಯ ಸರಿಯಾಗೇ ತಿರುಗಿಸಿ ಕೇಳಿದ: "ಗುರೂ, ಓದೋದು ನನ್ನ ಖುಷಿಗೆ. ದಿನಾ ಹತ್ತು ಗಂಟೆ ತಲೆ ಕೆಡಿಸ್ಕೊಂಡು ಬಂದವನಿಗೆ ನಿನ್ನ ಕೊಳಚೆ ನೀರಿನ ಪುಸ್ತಕ ಯಾಕೆ?" ಒಪ್ಪಿದೆ. ಖುಷಿಗೇ ಓದು. ಆದರೆ ವರ್ಷಕ್ಕೆ 52 ಅಂತ ಟಾರ್ಗೆಟ್ ಇಟ್ಟುಕೊಂಡು, ಎರಡು ಪಟ್ಟು ವೇಗದಲ್ಲಿ ಓಡಿಸೋದು ಯಾವ ಸೀಮೆ ಖುಷಿ? ಖುಷಿ ಬೇಕಂದ್ರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಹಿಡಿ. ನನ್ನ ಪಟ್ಟಿಯಲ್ಲಿ ಆರನೆಯದು. ಸಸ್ಯವಿಜ್ಞಾನದ ಮೇಷ್ಟ್ರು ವಿದ್ಯಾರ್ಥಿಗಳನ್ನ ಕಟ್ಟಿಕೊಂಡು ಗಿಡ ಹುಡುಕ್ತಾ ಕಾಡು ಮೇಡು ಅಲೆಯೋ ಪುಸ್ತಕ. 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಇದಕ್ಕೇ. ನಾನು ಇದನ್ನ ಓದ್ತಾ ಜಯದೇವ ಸ್ಟೇಷನ್ನಿನಲ್ಲಿ ಒಬ್ಬನೇ ಜೋರಾಗಿ ನಕ್ಕು, ಪಕ್ಕದಲ್ಲಿದ್ದ ಹೆಣ್ಮಗಳು ಎದ್ದು ಬೇರೆ ಕಡೆ ಹೋಗಿ ನಿಂತ್ಳು. ವಿಜ್ಞಾನ ಅಂದ್ರೆ ಒಣಕಲು, ಕನ್ನಡದಲ್ಲಿ ಅದೆಲ್ಲ ಬರಲ್ಲ ಅನ್ನೋರಿಗೆ ಇದೊಂದೇ ಸಾಕು.

ಏಳನೆಯದು ನೇಮಿಚಂದ್ರ ಅವರ 'ಪೆರುವಿನ ಪವಿತ್ರ ಕಣಿವೆಯಲ್ಲಿ'. ಪ್ರವಾಸ ಕಥನ. ಇವರು ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು. ವೈಟ್‌ಫೀಲ್ಡ್‌ಗೆ ಹೋಗೋ ದಾರಿಯಲ್ಲಿ ನಾವು ದಿನಾ ದಾಟೋ ಅದೇ ಎಚ್‌ಎಎಲ್. ವಿಮಾನ ಕಾರ್ಖಾನೆಯ ಕೆಲಸ ಮಾಡ್ತಾ, ಲೋಕ ಸುತ್ತಿ ಬಂದು, ಅದನ್ನ ಕನ್ನಡದಲ್ಲಿ ಸಾವಿರಾರು ಜನಕ್ಕೆ ಹಂಚಿದ ಎಂಜಿನಿಯರ್ ನಮ್ಮ ರಸ್ತೆಯಲ್ಲೇ ಇದ್ರು. ನಾವು ಆನ್‌ಸೈಟ್ ಹೋಗಿ ಬಂದು ಹಂಚೋದು ಚಾಕೊಲೇಟ್. ಸಾಮಾನ್ಯ ಎಂಜಿನಿಯರಿಗೆ ಬರೆಯೋಕೆ ಪುರುಸೊತ್ತಿಲ್ಲ ಅನ್ನೋ ಮಾತನ್ನ ನಾನು ಆವತ್ತಿನಿಂದ ನಿಲ್ಲಿಸಿದೆ.

ಎಂಟನೆಯದು ಸಿದ್ಧಲಿಂಗಯ್ಯನವರ 'ಊರುಕೇರಿ'. ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀರಾಂಪುರದಲ್ಲಿ ಬೆಳೆದ ಕವಿಯ ಆತ್ಮಕತೆ. ಅದರ ಶುರುವಿನಲ್ಲೇ ಒಂದು ದೃಶ್ಯ ಇದೆ. ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ ಇಟ್ಟು ಹೊಲ ಉಳ್ತಾ ಇರ್ತಾರೆ. ನೋಡ್ತಾ ನಿಂತ ಹುಡುಗನಿಗೆ ಆ ಇಬ್ಬರಲ್ಲಿ ಒಬ್ಬರು ತನ್ನ ತಂದೆ. ಇದನ್ನ ಅಳದೆ, ಕೂಗದೆ ಹೇಳ್ತಾರೆ. ಮುಂದೆ ಪುಸ್ತಕದುದ್ದಕ್ಕೂ ನಗಿಸ್ತಾರೆ ಬೇರೆ. ಕಷ್ಟದಿಂದ ಮೇಲೆ ಬಂದವರ ಕತೆ ಬೇಕು ಅಂತ ನಾವು ಅಮೆರಿಕದ ಶೂ ವ್ಯಾಪಾರಿಯ ಪುಸ್ತಕ ಕೊಳ್ತೀವಿ. ಶ್ರೀರಾಂಪುರ ಅನ್ನೋದು ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ನಿಂದ ಎರಡು ಸ್ಟೇಷನ್ ದೂರ. ಹಳ್ಳಿಯಿಂದ ಬಂದವರು ಅಂತ ಎದೆ ತಟ್ಟಿಕೊಳ್ಳೋ ನಮ್ಮಂಥವರು ಇದನ್ನ ಓದ್ಲೇಬೇಕು. ಯಾಕಂದ್ರೆ ನಮ್ಮೂರಿನ ಕೇರಿಯೊಳಕ್ಕೆ ನಾನು ಹೈಸ್ಕೂಲು ಮುಗಿಯೋವರೆಗೂ ಕಾಲಿಟ್ಟಿರಲಿಲ್ಲ. 'ನಮ್ಮ ಹಳ್ಳಿ' ಅಂತ ನಾನು ಆಫೀಸಿನಲ್ಲಿ ಹೇಳ್ತಾ ಬಂದಿದ್ದು ಅರ್ಧ ಹಳ್ಳಿಯ ಕತೆ.

ಇದು ಕನ್ನಡ ಇಂಗ್ಲಿಷ್ ಜಗಳ ಅಲ್ಲ ಅಂತ ಇಷ್ಟೊತ್ತಿಗೆ ಗೊತ್ತಾಗಿರಬೇಕು. ಒಂಬತ್ತರಲ್ಲಿ ಅರ್ಧ ಇಂಗ್ಲಿಷ್ ಪುಸ್ತಕಗಳೇ. ಕನ್ನಡದವರ ತಪ್ಪೂ ಇದೆ. ಕನ್ನಡ ಪುಸ್ತಕದಂಗಡಿಗೆ ಹೋದ್ರೆ ಬಾಗಿಲ ಹತ್ತಿರದ ಮೇಜಿನ ಮೇಲೆ ಅದೇ ಸೆಲ್ಫ್ ಹೆಲ್ಪ್, ಈಗ ಕನ್ನಡ ಲಿಪಿಯಲ್ಲಿ. ಒಳ್ಳೇ ವಿಚಾರ ಸಾಹಿತ್ಯ ಹಿಂದಿನ ಕಪಾಟಿನಲ್ಲಿ ಧೂಳು ಹಿಡಿದು ಕೂತಿರುತ್ತೆ, ಇಲ್ಲವೇ ಪ್ರತಿಗಳು ಮುಗಿದಿವೆ ಅಂತಾರೆ. ಸಿಕ್ಕಿದ್ರೂ ಪದಸೂಚಿ ಇರಲ್ಲ, ಇಸವಿ ಇರಲ್ಲ, ಒಂದು ನಕ್ಷೆ ಇರಲ್ಲ. 'ಹಿಂದೊಮ್ಮೆ', 'ಅನೇಕ ವರ್ಷಗಳ ಹಿಂದೆ' ಅಂತಲೇ ಸಾಗುತ್ತೆ. ನಾನ್‌ಫಿಕ್ಷನ್ ಅಂದ್ರೆ ಊರು, ಹೆಸರು, ಇಸವಿ, ಲೆಕ್ಕ. ಅದಿಲ್ಲದೆ ಭಾವನೆ ಮಾತ್ರ ಇದ್ರೆ ಅದೂ ಇಕಿಗಾಯ್‌ನ ದಾಯಾದಿಯೇ.

ಇನ್ನೊಂದು ತಪ್ಪು ನಮ್ಮದೇ. ದೊಡ್ಡಪ್ಪನ ಮಗ, ನನಗೆ ಅಣ್ಣ, ಪೀಣ್ಯ ಎರಡನೇ ಹಂತದಲ್ಲಿ ಸಿಎನ್‌ಸಿ ಆಪರೇಟರ್. ಐಟಿಐ ಮುಗಿಸಿ ಬಂದವನು, ಇಪ್ಪತ್ತು ವರ್ಷದಲ್ಲಿ ಐದು ಶೆಡ್ಡು ಬದಲಾಯಿಸಿದ್ದಾನೆ. ಒಂದು ಭಾನುವಾರ ಅವನ ಮನೆಯಲ್ಲಿ ಈ ಪುಸ್ತಕಗಳ ಬಗ್ಗೆ ಭಾಷಣ ಬಿಗೀತಾ ಇದ್ದೆ. ಎಲ್ಲ ಕೇಳಿ ಕೊನೆಗೆ ಅಂದ, "ಸರಿ ಕಣೋ. ಸಾಫ್ಟ್‌ವೇರ್‌ನವ್ರ ಬಗ್ಗೆ ಬರ್ದವ್ರೆ, ಕೆರೆ ಬಗ್ಗೆ ಬರ್ದವ್ರೆ. ಪೀಣ್ಯದಲ್ಲಿ ಬೆರಳು ಕಳ್ಕೊಂಡೋರ ಬಗ್ಗೆ ಯಾವನಾದ್ರೂ ಬರ್ದವ್ನಾ?" ನನ್ನ ಹತ್ತಿರ ಕೊಡೋಕೆ ಪುಸ್ತಕ ಇರಲಿಲ್ಲ. ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು ಅಂತ ಹೊಗಳಿಸಿಕೊಳ್ಳೋ ಪೀಣ್ಯದ ಲೇತ್ ಮುಂದೆ ನಿಂತವನು ತಾನೇ ಬರೆದ ಪುಸ್ತಕ ನನ್ನ ಕೈಗೆ ಇನ್ನೂ ಬಂದಿಲ್ಲ. ಅಡಿಕೆ ಬೆಳೆಯೋರ ಕೈಗೆ ಲೇಖನಿ ಕೊಡ್ತೀವಿ ಅಂತ 1988ರಲ್ಲಿ ಪುತ್ತೂರಿನಿಂದ 'ಅಡಿಕೆ ಪತ್ರಿಕೆ' ಶುರುವಾಯ್ತು. ರೈತರೇ ಬರೀತಾರೆ, ರೈತರೇ ಓದ್ತಾರೆ. ಲ್ಯಾಪ್‌ಟಾಪ್ ತೊಡೆ ಮೇಲೆ ಇಟ್ಟುಕೊಂಡೇ ನಿದ್ದೆ ಹೋಗೋ ನಾವು ನಮ್ಮ ಕೆಲಸದ ಬಗ್ಗೆ, ನಮ್ಮ ಅಣ್ಣತಮ್ಮಂದಿರ ಕೆಲಸದ ಬಗ್ಗೆ ಹತ್ತು ಪುಟ ಬರೆಯಲ್ಲ. ಪಟ್ಟಿ ಮಾತ್ರ ಬರೀತೀವಿ.

ಒಂಬತ್ತನೆಯದು ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ', ಹತ್ತನೇ ಸಂಪುಟ, 1905. ಕೋಲಾರ ಜಿಲ್ಲೆಯ ಶಾಸನಗಳು. ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ. ಪೂರ್ತಿ ಓದೋ ಪುಸ್ತಕ ಅಲ್ಲ, ನಿಮ್ಮ ತಾಲೂಕು ಹುಡುಕೋ ಪುಸ್ತಕ. ಬೆಂಗಳೂರು ಜಿಲ್ಲೆಯದ್ದು ಒಂಬತ್ತನೇ ಸಂಪುಟ. ಐಟಿಪಿಎಲ್ ಗೇಟಿನಿಂದ ನಡೆದು ಹೋಗೋ ದೂರದ ಪಟ್ಟಂದೂರಿನಲ್ಲಿ ಕೆರೆ ಕಟ್ಟಿಸಿದ ವಿಷಯ ಹನ್ನೊಂದನೇ ಶತಮಾನದ, ರಾಜೇಂದ್ರ ಚೋಳನ ಕಾಲದ ಶಾಸನದಲ್ಲಿದೆ. 'ಬೆಂಗಳೂರು' ಅನ್ನೋ ಹೆಸರಿರೋ ಹಳೇ ವೀರಗಲ್ಲು ಸಿಕ್ಕಿದ್ದು ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಬೇಗೂರಿನಲ್ಲಿ, ಅದು ಸುಮಾರು ಒಂಬತ್ತನೇ ಶತಮಾನದ ಕೊನೆಯದು. ನಾವು ಹಾಳು ಕಾಡಿಗೆ ಬಂದು ನಗರ ಕಟ್ಟಿದವರಲ್ಲ ಸ್ವಾಮಿ. ಸಾವಿರ ವರ್ಷದಿಂದ ಹೆಸರು, ಕೆರೆ, ಲೆಕ್ಕ ಎಲ್ಲ ಇದ್ದ ಊರುಗಳ ಮೇಲೆ ಬಂದು ಕೂತವರು.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಉತ್ತರ ಕೊಟ್ಟೆ. ಬೋರಿನ ನೀರನ್ನ ಎರಡು ಬಾಟಲಿಯಲ್ಲಿ ತುಂಬಿಸಿ ಲ್ಯಾಬಿಗೆ ಕೊಟ್ಟಿದ್ದೆ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮಿತಿಯ ಒಳಗೇ ಇತ್ತು. ಫ್ಲೋರೈಡ್ ಅಂಚಿನಲ್ಲಿತ್ತು, ಅದು ನಮ್ಮ ಕಡೆ ಆಳದ ಬೋರಿನ ಹಳೇ ಕಾಯಿಲೆ. ಸೊಪ್ಪಿಗೆ ಬಿಡಬಹುದು, ಕುಡಿಯೋಕೆ ಬೇಡ, ಕೆರೆಯಿಂದ ನೇರ ಎತ್ತೋದು ಬೇಡ, ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸೋಣ ಅಂದೆ. ಎರಡನೇ ಹಂತ, ಮೂರನೇ ಹಂತ ಅಂತ ಏರಿಯ ಮಣ್ಣಿನ ಮೇಲೆ ಕಡ್ಡಿಯಲ್ಲಿ ಬರೆದು ತೋರಿಸಿದೆ. ಅಪ್ಪ ಕೇಳಿಸಿಕೊಂಡ್ರು. "ಹಂಗಾದ್ರೆ ಆ ಮೂರನೇದನ್ನೂ ಮಾಡಿ ಕಳ್ಸಿ ಅಂತ ನಾವು ಕೇಳ್ಬೇಕು" ಅಂದ್ರು. ಗೊತ್ತಾದವನು ಕೇಳ್ತಾನೆ. ಗೊತ್ತಿಲ್ಲದೋನು "ಹೋಗ್ಲಿ ಬಿಡು" ಅಂತಾನೆ.

ಆಮೇಲೆ ಫೋನಿನಲ್ಲಿ ಆ ಶಾಸನದ ಪುಸ್ತಕ ತೆಗೆದೆ. ಹಿಂದೆ ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಕೆರೆಯ ಕೆಳಗೆ ಗದ್ದೆ ಬಿಟ್ಟುಕೊಡ್ತಿದ್ರು, ಅದಕ್ಕೆ ಕಟ್ಟುಕೊಡಗೆ ಅಂತಿದ್ರು ಅಂತ ಹೇಳಿದೆ. ಅಪ್ಪ ಏರಿಯ ಕೆಳಗೆ ತೂಬಿನ ಪಕ್ಕದ ಗದ್ದೆ ಕಡೆ ಕೈ ತೋರಿಸಿದ್ರು. "ಅದ್ಕೇ ಅದನ್ನ ಕೊಡಿಗೆ ಮಾನ್ಯ ಅನ್ನೋದು. ನೀರಗಂಟಿಯೋರ ತಾತನ ಕಾಲ್ದಿಂದ್ಲೂ ಹಂಗೇ ಕರೀತೀವಿ. ಯಾಕೆ ಅಂತ ಯಾರಿಗೂ ಗೊತ್ತಿರ್ಲಿಲ್ಲ."

ಈ ಡಿಸೆಂಬರಿನಲ್ಲಿ ಆಫೀಸಿನಲ್ಲಿ ಪಟ್ಟಿ ಹಾಕಿದೆ, 9 ಪುಸ್ತಕ. ಚಪ್ಪಾಳೆ ಕಡಿಮೆ ಬಂತು. ಆದರೆ ಮೂರು ಜನ ಬಂದು ಮೆಟ್‌ಕಾಫ್ ಅಂಡ್ ಎಡ್ಡಿ ಯಾಕೆ ಅಂತ ಕೇಳಿದ್ರು. ಒಬ್ಬ ಗೌರಿಬಿದನೂರಿನವನು, ಒಬ್ಬಳು ಚಳ್ಳಕೆರೆಯವಳು, ಒಬ್ಬ ಒಡಿಶಾದ ಬಲಾಂಗೀರ್ ಕಡೆಯವನು. ನಾಲ್ಕೂ ಜನ ಕ್ಯಾಂಟೀನಿನಲ್ಲಿ ಒಂದು ಗಂಟೆ ಕೂತು ಅವರವರ ಊರಿನ ನೀರಿನ ಬಗ್ಗೆ ಮಾತಾಡಿದ್ವಿ. ಹತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದವರು, ಒಬ್ಬರ ಊರು ಇನ್ನೊಬ್ಬರಿಗೆ ಸರಿಯಾಗಿ ಗೊತ್ತಿರಲಿಲ್ಲ.

ನಿಮ್ಮ ಪಟ್ಟಿ ನೀವು ಹಾಕಿ, ಬೇಡ ಅನ್ನಲ್ಲ. ಹಾಕೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ಳಿ. ಇದರಲ್ಲಿ ನಾನು ಹುಟ್ಟಿದ ಜಿಲ್ಲೆಯ ಬಗ್ಗೆ ಒಂದಾದ್ರೂ ಇದೆಯಾ? ನಾನೀಗ ಕೂತಿರೋ ಜಾಗದ ಬಗ್ಗೆ ಒಂದಾದ್ರೂ ಇದೆಯಾ? ಅಪ್ಪನಿಗೋ ಅಮ್ಮನಿಗೋ ಓದಿ ಹೇಳಬಹುದಾದ್ದು ಒಂದಾದ್ರೂ ಇದೆಯಾ? ಮೂರಕ್ಕೂ ಇಲ್ಲ ಅಂತ ಬಂದ್ರೆ ಸಂಖ್ಯೆ ಬರೀಬೇಡಿ. ಮೊದಲು ಊರಿಗೊಂದು ಫೋನ್ ಮಾಡಿ, ಅವರಿಗೆ ಏನು ತಿಳ್ಕೋಬೇಕಾಗಿದೆ ಅಂತ ಕೇಳಿ. ಮುಂದಿನ ವರ್ಷದ ಓದು ಅಲ್ಲಿಂದ ಶುರು ಮಾಡಿ.